ಸಂಶೋಧನೆಗೆ ಮಾತ್ರ

ಮೈಸೂರಿನ ಬಸ್ಸು ಮಡಿಕೇರಿಗೆ ಬಂದು ನಿಂತಾಗ
ಥರ್ಮಾಕೋಲ್ ಡಬ್ಬಿ ಕೈಗಿಡುತ್ತ ಕಂಡಕ್ಟರ್ ಕೇಳಿದ:
ಮೀನಾ?
ಮೊಲ, ಅಂದೆ.
ಅವನು ನಗಲಿಲ್ಲ. ನಾನೂ ತಮಾಷೆ ಮಾಡಿರಲಿಲ್ಲ.

ಕಡಲಾಚೆ ಎಲ್ಲೋ, ಹೆಸರಿಲ್ಲದ ಒಂದು ಮೊಲಕ್ಕೆ
ಮನುಷ್ಯರ ಪ್ರೋಟೀನೊಂದನ್ನು ಚುಚ್ಚಿ,
ಅದರ ಮೈ ಆ ಅಪರಿಚಿತನ ಗುರುತು ಹಿಡಿಯುವ ತನಕ ಕಾದು,
ನೆತ್ತರಿನಿಂದ ಸೋಸಿ ತೆಗೆದ ನೆನಪು ಇದು.
ನೂರು ಮೈಕ್ರೋಲೀಟರ್. ಹೆಚ್ಚೆಂದರೆ ಎರಡು ಹನಿ.
ಬೆಲೆ, ನನ್ನ ಒಂದೂವರೆ ತಿಂಗಳ ಸಂಬಳ.
ಸೀಸೆಯ ಮೈಮೇಲೆ ಇರುವೆಗಾತ್ರದ ಅಕ್ಷರ:
ಇಂಟರ್‌ಫೆರಾನ್ ಗಾಮಾ ಪ್ರತಿಕಾಯ.
ಸಂಶೋಧನೆಗೆ ಮಾತ್ರ. ರೋಗಪತ್ತೆಗೆ ಬಳಸತಕ್ಕದ್ದಲ್ಲ.

ಅದೆಂತದಕ್ಕ, ಎಂದು ಕೇಳಿದ್ದು
ಕಾಫಿ ಕುಯ್ಲು ಬಿಟ್ಟು ಜ್ವರದಲ್ಲೇ ರಕ್ತ ಕೊಡಲು ಬಂದ ಲೈನ್‌ಮನೆಯ ಕರ್ಪಿ.
ಕೋವಿ ಇದ್ದ ಹಾಗೆ, ಅಂದೆ.
ನಾಪೋಕ್ಲಿನಾಚೆ ನಮ್ಮ ಊರಲ್ಲಿ
ಒಂದು ಗುಂಡು ಕೇಳಿದರೆ, ಯಾರ ಮನೆಯಲ್ಲೋ ಗಂಡು ಹುಟ್ಟಿತು.
ಬೆನ್ನಿಗೇ ಇನ್ನೊಂದು ಕೇಳಿದರೆ, ಸಾವು.
ಒಲೆಯ ಮೇಲಿನದನ್ನು ಇಳಿಸಿಟ್ಟು ಎಲ್ಲರೂ ಹೊರಡುತ್ತಾರೆ.
ಮೈಯ ಕೋಶವೂ ಅಷ್ಟೆ. ಒಳಗೆ ಯಾರಾದರೂ ನುಗ್ಗಿದರೆ
ಹಾರಿಸುತ್ತದೆ, ನೆರೆಹೊರೆ ಬರಲಿ ಎಂದು.
ಈ ಮೊಲದ ಕಿವಿಗೆ ಆ ಸದ್ದೊಂದೇ ಗೊತ್ತು.

ಹೆಣ್ಣು ಹುಟ್ಟಿದ್ರೆ? ಕರ್ಪಿ ಕೇಳಿದಳು.
ನಮ್ಮನೆಯಲ್ಲಿ ಹಾರಿಸಲಿಲ್ಲ.
ಅವಳು ಹತ್ತಿ ಒತ್ತಿ ಹಿಡಿದು ಎದ್ದು ಹೋದಳು.

ಜ್ವರದವರು ಹನ್ನೊಂದು ಮಂದಿ.
ಜ್ವರವಿಲ್ಲದವರೊಬ್ಬರು ಬೇಕಿತ್ತು, ಹೋಲಿಕೆಗೆ.
ನನ್ನ ತೋಳೇ ಹತ್ತಿರವಿತ್ತು. ಐದನೆಯ ಸಾಲು.

ಜೆಲ್ಲಿನಲ್ಲಿ ಓಡಿಸಿ, ಪೊರೆಗೆ ಇಳಿಸಿ,
ಪ್ರತಿಕಾಯ ಕಂಡಕಂಡಲ್ಲಿ ಅಂಟದಿರಲೆಂದು
ಹಾಲಿನ ಪುಡಿ ಕದಡಿದ ನೀರಲ್ಲಿ ಅದ್ದಿಟ್ಟೆ.
(ಪುಡಿ ತಂದುಕೊಟ್ಟ ಕ್ಯಾಂಟೀನಿನ ಹಮೀದ್
ಚಹಾ ಯಾವಾಗ ಎಂದು ಎರಡು ಸಲ ಇಣುಕಿದ.)
ಆಮೇಲೆ ಮೊಲ. ರಾತ್ರಿಯಿಡೀ, ಫ್ರಿಜ್ಜಿನೊಳಗೆ, ಮೆಲ್ಲಗೆ ತೂಗುತ್ತ.
ಒಂದೂ ಮುಕ್ಕಾಲಿಗೆ ಕರೆಂಟು ಹೋಯಿತು.
ಬಾಗಿಲು ತೆರೆದು, ಟ್ರೇಯನ್ನು ಐಸಿನ ಮೇಲಿಟ್ಟು
ಕೈಯಿಂದಲೇ ತೂಗಿದೆ.
ತೊಟ್ಟಿಲು ತೂಗುವವಳಿಗೆ ನಿದ್ದೆ ಬರುವುದು ತೊಟ್ಟಿಲಲ್ಲಿದ್ದವರಿಗಿಂತ ಮೊದಲು.
ಕಿಟಕಿಯಾಚೆ ಮಂಜು, ಗದ್ದಿಗೆಯ ಗುಮ್ಮಟ ಕೂಡ ಕಾಣದಷ್ಟು.

ಬೆಳಗಾದ ಮೇಲೆ ಮೇಕೆಯದು:
ಮೊಲವನ್ನು ಹುಡುಕಿ ಹಿಡಿಯುವ ಇನ್ನೊಂದು ಪ್ರತಿಕಾಯ,
ಬಾಲಕ್ಕೆ ಬೆಳಕಿನ ಕಿಡಿ ಕಟ್ಟಿದ್ದು.
ಕತ್ತಲ ಪೆಟ್ಟಿಗೆಯಲ್ಲಿ ಪೊರೆ ಇಟ್ಟು ಮುಚ್ಚಿದೆವು, ಡಾಕ್ಟರ್ ಬೊಳ್ಳವ್ವ ಮತ್ತು ನಾನು.

ಒಂದನೆಯ ಸಾಲಿನಲ್ಲಿ ಎರಡು ಗೆರೆ.
ಎರಡು ಎಂದರೆ, ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.
ಹೆದರಬೇಡ, ಅದೂ ಇದೂ ಒಂದೇ, ಅಂದರು.
ಮೇಲಿನದು ಸಕ್ಕರೆ ಹೆಚ್ಚು ಹೊತ್ತಿದೆ, ಅದಕ್ಕೆ ನಿಧಾನ ನಡೆದಿದೆ.
ಕರ್ಪಿಯದು ಮೂರನೆಯದು. ಕಪ್ಪಗೆ, ದಪ್ಪಗೆ, ಕೂಗಿ ಹೇಳಿದಂತೆ.
ಐದನೆಯದು ಖಾಲಿ ಇರಬೇಕಿತ್ತು.

ಇರಲಿಲ್ಲ.
ಉಗುರಿನಿಂದ ಗೀರಿದಷ್ಟು, ಒಂದೇ ಒಂದು ಗೆರೆ.

ಪಕ್ಕದ ಸಾಲಿನಿಂದ ಸೋರಿರಬೇಕು, ಅಂದರು ಡಾಕ್ಟರ್,
ಪರದೆ ನೋಡುತ್ತ, ನನ್ನನ್ನು ನೋಡದೆ.
ಸೋರಿರಬಹುದು. ನನ್ನ ಕೈ ನಿದ್ದೆಗೆಟ್ಟಿತ್ತು.
ಆದರೆ ನಾಲ್ಕಕ್ಕೂ ಆರಕ್ಕೂ ತುಂಬಿದವಳು ನಾನೇ,
ಹನಿ ಅಲುಗದ ಹಾಗೆ, ಉಸಿರು ಹಿಡಿದು.
ಮತ್ತೊಮ್ಮೆ ಓಡಿಸೋಣ, ಅಂದರು. ಸೀಸೆ ಎತ್ತಿ ನೋಡಿದೆ.
ಒಂದು ಸಲಕ್ಕಾಗುವಷ್ಟು ಉಳಿದಿದೆ.
ರೋಗಪತ್ತೆಗೆ ಬಳಸತಕ್ಕದ್ದಲ್ಲ.

ಸರಿ. ಅದು ನನಗೆ ಏನೂ ಹೇಳಿಲ್ಲ.
ಕಾಫಿ ಧೂಳಿಗೆ ಅಂದುಕೊಂಡಿದ್ದ ಕೆಮ್ಮಿನ ಬಗ್ಗೆ ಹೇಳಿಲ್ಲ,
ಹೇಳುವ ಅಧಿಕಾರ ಅದಕ್ಕಿಲ್ಲ.

ಹುಟ್ಟಿದ ದಿನ ಗೋಡೆಯಿಂದ ಇಳಿಯದ ಕೋವಿ
ನನಗಾಗಿ ಹಾರಿದ್ದು ಯಾವಾಗ, ಮೈಯ ಯಾವ ಕಣಿವೆಯಲ್ಲಿ?

ಒಂದು ಗುಂಡು ಕೇಳಿದ ಕೂಡಲೇ
ಅಜ್ಜಿ ಕೈಯೆತ್ತಿ ಮನೆಯನ್ನೆಲ್ಲ ಸುಮ್ಮನಾಗಿಸುತ್ತಿದ್ದಳು,
ಇನ್ನೊಂದು ಬರುತ್ತದೋ ಎಂದು.
ಹಮೀದ್ ಚಹಾ ತಂದ.
ತಡಿ, ಅಂದೆ, ಕೈ ಅರ್ಧಕ್ಕೆ ಎತ್ತಿ.